ವರದಿ ಚೆನ್ನಾಗಿದೆ, ಆದರೆ ಮೆಟ್ಟಿಲು ಹತ್ತಲಾರ: ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಮಕ್ಕಳ ಬಗ್ಗೆ ಓದುಗರ ಪ್ರಶ್ನೆಗಳು

ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮಕ್ಕಳ ತಂದೆತಾಯಂದಿರಿಂದ ಮತ್ತು ಒಬ್ಬ ಶಿಕ್ಷಕರಿಂದ ಬಂದ ಪತ್ರಗಳನ್ನು ಈ ಸಂಚಿಕೆಗೆ ಒಟ್ಟಾಗಿ ತೆಗೆದುಕೊಂಡಿದ್ದೇನೆ. ಮಗು ನಡೆಯುವುದು, ಕೂರುವುದು, ಏಳುವುದು, ಆಡುವುದು, ಬರೆಯುವುದು ಇವೇ ಈ ಪತ್ರಗಳ ವಿಷಯ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಗನಿಗೆ ಎಂಟು ವರ್ಷ. ಎ.ಎಲ್.ಎಲ್. ಎಂಬ ರಕ್ತದ ಕ್ಯಾನ್ಸರಿಗೆ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಚಿಕಿತ್ಸೆ ನಡೆದು, ನಾಲ್ಕು ತಿಂಗಳ ಹಿಂದೆ ಮುಗಿಯಿತು. ರಕ್ತದ ವರದಿಗಳೆಲ್ಲ ಚೆನ್ನಾಗಿವೆ. ಆದರೆ ಅವನು ಹೊಸ್ತಿಲಿಗೆ ಎಡವಿ ಬೀಳುತ್ತಾನೆ, ನಡೆಯುವಾಗ ಪಾದ ನೆಲಕ್ಕೆ ಬಡಿಯುವ ಸದ್ದಾಗುತ್ತದೆ, ಊಟಕ್ಕೆ ನೆಲದಲ್ಲಿ ಕೂತರೆ ತೊಡೆಯ ಮೇಲೆ ಕೈ ಊರಿಯೇ ಏಳಬೇಕು. ತರಗತಿ ಮೊದಲ ಮಹಡಿಯಲ್ಲಿರುವುದರಿಂದ ಅವನ ತಾತ ದಿನವೂ ಎತ್ತಿಕೊಂಡು ಹೋಗಿ ಬಿಟ್ಟು ಬರುತ್ತಾರೆ. ಮನೆಯಲ್ಲಿ ಆದಷ್ಟು ವಿಶ್ರಾಂತಿ ಕೊಡುತ್ತಿದ್ದೇವೆ. ಶಕ್ತಿ ಬರಲು ಯಾವ ಟಾನಿಕ್ ಕೊಡಬೇಕು?

ಉತ್ತರ: ರಕ್ತದ ವರದಿ ರೋಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹೇಳುತ್ತದೆ, ನರ ಮತ್ತು ಸ್ನಾಯುಗಳು ಹೇಗಿವೆ ಎಂಬುದನ್ನು ಹೇಳುವುದಿಲ್ಲ. ಹೀಗಾಗಿ ವರದಿ ಚೆನ್ನಾಗಿರುವುದೂ ಮಗ ಎಡವುವುದೂ ಏಕಕಾಲದಲ್ಲಿ ನಿಜವಾಗಿರಬಹುದು. ನೀವು ಬರೆದಿರುವ ತೊಂದರೆಗಳು ಬಹುಮಟ್ಟಿಗೆ ಎರಡು ಔಷಧಗಳ ಗುರುತನ್ನು ಹೊತ್ತಿವೆ, ಮತ್ತು ಆ ಎರಡೂ ಔಷಧಗಳಿಲ್ಲದೆ ಈ ರೋಗವನ್ನು ಗುಣಪಡಿಸುವುದು ಸಾಧ್ಯವಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಮೊದಲನೆಯದು ವಿನ್‌ಕ್ರಿಸ್ಟಿನ್. ಇದು ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ದೊರೆಯುವ ಔಷಧ. ಜೀವಕೋಶದೊಳಗಿನ ಅತಿಸೂಕ್ಷ್ಮ ನಾಳಗಳು ರೂಪುಗೊಳ್ಳದಂತೆ ಮಾಡಿ, ಕ್ಯಾನ್ಸರ್ ಕೋಶ ಒಡೆದು ಎರಡಾಗುವುದನ್ನು ಇದು ತಡೆಯುತ್ತದೆ. ಆದರೆ ನರಗಳು ಸಹ ತಮಗೆ ಬೇಕಾದ ವಸ್ತುಗಳನ್ನು ಉದ್ದಕ್ಕೂ ಸಾಗಿಸಲು ಅಂಥವೇ ನಾಳಗಳನ್ನು ನೆಚ್ಚಿಕೊಂಡಿರುವುದರಿಂದ, ದೇಹದ ಅತಿ ಉದ್ದವಾದ ನರಗಳು, ಅಂದರೆ ಪಾದಕ್ಕೆ ಹೋಗುವ ನರಗಳು, ಮೊದಲು ಸೊರಗುತ್ತವೆ. ಪಾದದ ಮುಂಭಾಗವನ್ನು ಮೇಲೆತ್ತುವ ಸ್ನಾಯು ದುರ್ಬಲವಾದಾಗ ಹೆಬ್ಬೆರಳು ಹೊಸ್ತಿಲಿಗೆ ತಾಗುತ್ತದೆ, ಪಾದ ಮೆಲ್ಲಗೆ ಊರುವ ಬದಲು ಪಟ್ಟನೆ ಬಡಿಯುತ್ತದೆ. ಒಂದು ವಿಷಯವನ್ನು ನೀವೇ ಗಮನಿಸಿ ನೋಡಿ: ಹವಾಯಿ ಚಪ್ಪಲಿ ಹಾಕಿಕೊಂಡು ನಡೆಯುವಾಗ ಒಂದು ಚಪ್ಪಲಿ ಹಿಂದೆ ಉಳಿದರೂ ಅವನಿಗೆ ತಿಳಿಯುವುದಿಲ್ಲವೇ? ಹಾಗಿದ್ದರೆ ಬಲ ಮಾತ್ರವಲ್ಲ, ಪಾದದ ಸ್ಪರ್ಶಜ್ಞಾನವೂ ಕುಂದಿದೆ ಎಂದರ್ಥ. ಇದನ್ನು ವೈದ್ಯರಿಗೆ ತಪ್ಪದೆ ಹೇಳಿ. ಇಲ್ಲಿಯೇ ಒಂದು ಎಚ್ಚರಿಕೆ: ಔಷಧ ಈ ಗಿಡದಿಂದ ಬಂದಿದೆ ಎಂದು ಕೇಳಿ ನಿತ್ಯಪುಷ್ಪದ ಕಷಾಯ ಕುಡಿಸುವವರಿದ್ದಾರೆ. ಅದು ವಿಷಕಾರಿ ಗಿಡ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯದು ಸ್ಟೀರಾಯ್ಡ್, ಅಂದರೆ ಪ್ರೆಡ್ನಿಸೋಲೋನ್ ಅಥವಾ ಡೆಕ್ಸಾಮೆಥಾಸೋನ್. ಇದು ಮುಖ್ಯವಾಗಿ ತೊಡೆ ಮತ್ತು ಸೊಂಟದ ದೊಡ್ಡ ಸ್ನಾಯುಗಳನ್ನು ಕರಗಿಸುತ್ತದೆ. ನೆಲದಿಂದ ಏಳುವುದು, ಮೆಟ್ಟಿಲು ಹತ್ತುವುದು, ಬಸ್ಸಿನ ಎತ್ತರದ ಮೆಟ್ಟಿಲಿಗೆ ಕಾಲಿಡುವುದು ಎಲ್ಲವೂ ಈ ಸ್ನಾಯುಗಳ ಕೆಲಸ. ಇವೆರಡರ ಜೊತೆಗೆ ಆಸ್ಪತ್ರೆಯ ಹಾಸಿಗೆ, ಸೋಂಕಿನ ಭಯದಿಂದ ಮನೆಯೊಳಗೇ ಕಳೆದ ತಿಂಗಳುಗಳು, ಕೈಗೆ ಸಿಕ್ಕ ಮೊಬೈಲ್ ಇವೂ ತಮ್ಮ ಪಾಲನ್ನು ಸೇರಿಸಿರುತ್ತವೆ.

ಮನೆಯಲ್ಲಿಯೇ ಮೂರು ಸಂಗತಿಗಳನ್ನು ಪರೀಕ್ಷಿಸಿ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಮತ್ತೆ ನೋಡಿ. ಪಾದದ ಮುಂಭಾಗವನ್ನು ಎತ್ತಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಬಲ್ಲನೇ? ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತವನು ಕೈ ಊರದೆ ಏಳಬಲ್ಲನೇ? ಹಿಮ್ಮಡಿ ನೆಲಕ್ಕೆ ತಾಗಿರುವಂತೆ ಕುಕ್ಕರಗಾಲಿನಲ್ಲಿ ಕೂರಬಲ್ಲನೇ, ಅಥವಾ ಹಿಂದಕ್ಕೆ ವಾಲಿ ಬೀಳುತ್ತಾನೆಯೇ? ಮೂರನೆಯದು ನಮ್ಮ ದೇಶದ ಮಕ್ಕಳಿಗೆ ಬಹಳ ಮುಖ್ಯ. ಪಾದವನ್ನು ಮೇಲೆತ್ತುವ ಸ್ನಾಯು ದುರ್ಬಲವಾಗಿ ಬಹುಕಾಲ ಉಳಿದರೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬಿಗಿಯುತ್ತದೆ. ಅದು ಬಿಗಿದರೆ ಕುಕ್ಕರಗಾಲು ಸಾಧ್ಯವಿಲ್ಲ, ಅಂದರೆ ಶಾಲೆಯ ಶೌಚಾಲಯವನ್ನು ಬಳಸುವುದೂ ಸಾಧ್ಯವಿಲ್ಲ. ಶಾಲೆಯಲ್ಲಿ ಶೌಚಕ್ಕೆ ಹೋಗಲಾರದ ಮಗು ಬೆಳಿಗ್ಗೆಯಿಂದ ನೀರನ್ನೇ ಕುಡಿಯದೆ ಕೂತಿರುವುದನ್ನು ನಾನು ಹಲವು ಬಾರಿ ಕೇಳಿ ತಿಳಿದುಕೊಂಡಿದ್ದೇನೆ. ಅದನ್ನು ಮಕ್ಕಳು ತಾವಾಗಿ ಹೇಳುವುದಿಲ್ಲ. ದೈನಂದಿನ ಚಟುವಟಿಕೆಗಳ ಬಗ್ಗೆ ಆಸ್ಪತ್ರೆಗಳಲ್ಲಿ ಕೇಳುವ ಪ್ರಶ್ನಾವಳಿಗಳು ಬಹುಪಾಲು ಹೊರದೇಶಗಳಲ್ಲಿ ತಯಾರಾದವು. ಮೆಟ್ಟಿಲು, ಸ್ನಾನ, ಓಟ, ಭಾರ ಎತ್ತುವುದು ಇವೆಲ್ಲ ಅವುಗಳಲ್ಲಿವೆ. ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಣ್ಣುವುದಾಗಲಿ, ಕುಕ್ಕರಗಾಲಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಯಾರೂ ಕೇಳದಿದ್ದರೂ ನೀವೇ ಹೇಳಬೇಕು. ಸದ್ಯಕ್ಕೆ ಮನೆಯಲ್ಲಿ ಕಮೋಡ್ ಕುರ್ಚಿ ಬಳಸುವುದರಲ್ಲಿ ತಪ್ಪಿಲ್ಲ, ಆದರೆ ಕುಕ್ಕರಗಾಲನ್ನು ಮರಳಿ ಕಲಿಸುವ ಗುರಿಯನ್ನು ಬಿಡಬೇಡಿ.

ಈಗ ವಿಶ್ರಾಂತಿಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಒಪ್ಪಿಗೆಯಾಗದ ಒಂದೇ ಸಂಗತಿ ಅದು. ಚಿಕಿತ್ಸೆಯ ನಡುವೆ, ಪ್ಲೇಟ್‌ಲೆಟ್ ಇಳಿದಾಗ ಅಥವಾ ಜ್ವರವಿದ್ದಾಗ, ವಿಶ್ರಾಂತಿ ಬೇಕಿತ್ತು. ಈಗ ಅವನ ಸ್ನಾಯುಗಳಿಗೆ ಬೇಕಾಗಿರುವುದು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚುವ ಕೆಲಸ. ಗೋಡೆಗೆ ಎರಡೂ ಕೈ ಒತ್ತಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲಬಿಡದಂತೆ ಮೀನಖಂಡವನ್ನು ಅರ್ಧ ನಿಮಿಷ ಎಳೆದು ಹಿಡಿಯುವುದು. ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಅದು ಸುಲಭವಾದ ಮೇಲೆ ಕುಳ್ಳ ಸ್ಟೂಲು, ಆಮೇಲೆ ಮಣೆ, ಕೊನೆಗೆ ನೆಲ. ಹಿಮ್ಮಡಿಯ ಮೇಲೆ ನಡಿಗೆ. ಒಂಟಿ ಕಾಲಿನಲ್ಲಿ ನಿಲ್ಲುವುದು. ಇವನ್ನು ಫಿಸಿಯೋಥೆರಪಿಸ್ಟ್ ಒಮ್ಮೆ ನೋಡಿ ತಿದ್ದಿಕೊಟ್ಟರೆ ಮುಂದಿನದನ್ನು ಮನೆಯಲ್ಲಿಯೇ ಮಾಡಬಹುದು. ಒಂಟಿ ಕಾಲಿನ ನಿಲುವು ಗಟ್ಟಿಯಾದ ಮೇಲೆ ಕುಂಟೆಬಿಲ್ಲೆಗಿಂತ ಒಳ್ಳೆಯ ವ್ಯಾಯಾಮವನ್ನು ನಾನು ಕಂಡಿಲ್ಲ, ಮತ್ತು ವ್ಯಾಯಾಮ ಎಂಬ ಹೆಸರಿಲ್ಲದ ಕಾರಣ ಮಕ್ಕಳು ಅದನ್ನು ಬೇಡವೆನ್ನುವುದಿಲ್ಲ. ಹವಾಯಿ ಚಪ್ಪಲಿಯನ್ನು ಬಿಡಿಸಿ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಅಥವಾ ಶೂ ಕೊಡಿಸಿ. ಪಾದ ತೀರಾ ಜೋತು ಬೀಳುತ್ತಿದ್ದರೆ, ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಆಧಾರವನ್ನು ಅಳತೆಗೆ ತಕ್ಕಂತೆ ಮಾಡಿಸಿಕೊಳ್ಳಬೇಕಾಗುತ್ತದೆ. ಅದು ಸಾಮಾನ್ಯವಾಗಿ ಕೆಲವು ಕಾಲದ ಮಾತು.

ಅವನ ತಾತನಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಎತ್ತಿಕೊಳ್ಳುವ ಬದಲು ಕಂಬಿ ಹಿಡಿಸಿ, ಹಿಂದೆ ಒಂದು ಮೆಟ್ಟಿಲು ಕೆಳಗೆ ನಿಂತುಕೊಂಡರೆ ಸಾಕು. ಮೊದಲ ವಾರ ಐದು ಮೆಟ್ಟಿಲು ಅವನದು, ಉಳಿದದ್ದು ತಾತನದು ಎಂದು ಒಪ್ಪಂದ ಮಾಡಿಕೊಳ್ಳಲಿ. ಇದರಿಂದ ಶಾಲೆಗೆ ಹತ್ತು ನಿಮಿಷ ತಡವಾದರೂ ಆಗಲಿ. ಮುಖ್ಯೋಪಾಧ್ಯಾಯರಿಗೆ ಒಂದು ಮಾತು ಹೇಳಿಟ್ಟರೆ ಅವರು ಬೇಡವೆನ್ನಲಾರರು.

ವಿನ್‌ಕ್ರಿಸ್ಟಿನ್ ನಿಂತ ಮೇಲೆ ನರಗಳು ತಿಂಗಳುಗಟ್ಟಲೆ ನಿಧಾನವಾಗಿ ಚೇತರಿಸಿಕೊಳ್ಳುತ್ತವೆ. ಹೆಚ್ಚಿನ ಮಕ್ಕಳಲ್ಲಿ ಗಣನೀಯ ಸುಧಾರಣೆ ಕಾಣುತ್ತದೆ, ಕೆಲವರಲ್ಲಿ ಸ್ವಲ್ಪ ದೌರ್ಬಲ್ಯ ವರ್ಷಗಳ ಕಾಲ ಉಳಿಯಬಹುದು. ಇದಕ್ಕೆ ಟಾನಿಕ್ ಇಲ್ಲ. ಡಿ ಜೀವಸತ್ವದ ಕೊರತೆ ಇದೆಯೇ ಎಂದು ನೋಡಿಸಿ, ಇದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ಕೊಡಿ. ಸ್ಟೀರಾಯ್ಡಿನಿಂದ ಮೂಳೆಯೂ ತೆಳುವಾಗಿರುವುದರಿಂದ ಸುಣ್ಣದ ಅಂಶವಿರುವ ಆಹಾರ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ; ಮುದ್ದೆ, ಹಾಲು, ಮೊಸರು, ಸೊಪ್ಪು ಇಷ್ಟಿದ್ದರೆ ದುಬಾರಿ ಡಬ್ಬಿಗಳ ಪುಡಿ ಬೇಕಾಗುವುದಿಲ್ಲ. ಸುಧಾರಿಸುತ್ತಿದ್ದ ಬಲ ಮತ್ತೆ ಇಳಿಯತೊಡಗಿದರೆ, ಬೆನ್ನುಮೂಳೆಯಲ್ಲಿ ನೋವು ಬಂದರೆ, ಮಲಮೂತ್ರದ ಹಿಡಿತ ತಪ್ಪಿದರೆ ಕಾಯಬೇಡಿ, ಚಿಕಿತ್ಸೆ ಕೊಟ್ಟ ವಿಭಾಗಕ್ಕೆ ಆ ದಿನವೇ ತಿಳಿಸಿ. ಹಾಗೆಯೇ ಇನ್ನೂ ಚಿಕಿತ್ಸೆಯಲ್ಲಿರುವ ಮಕ್ಕಳ ಪೋಷಕರು ಈ ಪುಟವನ್ನು ಓದುತ್ತಿದ್ದರೆ ನೆನಪಿಡಿ: ಇಟ್ರಾಕೊನಜೋಲ್, ವೊರಿಕೊನಜೋಲ್ ಮುಂತಾದ ಶಿಲೀಂಧ್ರನಾಶಕ ಮಾತ್ರೆಗಳು ವಿನ್‌ಕ್ರಿಸ್ಟಿನ್‌ನ ನರದ ತೊಂದರೆಯನ್ನು ಬಹಳ ಹೆಚ್ಚಿಸುತ್ತವೆ. ಬೇರೆ ವೈದ್ಯರು ಅವನ್ನು ಬರೆದುಕೊಟ್ಟರೆ ನುಂಗಿಸುವ ಮುನ್ನ ಕ್ಯಾನ್ಸರ್ ವೈದ್ಯರನ್ನು ಕೇಳಿ.

ಪದೇಪದೇ ಬೆಂಗಳೂರಿಗೆ ಹೋಗಲಾಗದು ಎಂದು ಬರೆದಿದ್ದೀರಿ. ಫಿಸಿಯೋಥೆರಪಿಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ 18 ವರ್ಷದೊಳಗಿನ ಮಕ್ಕಳಿಗಾಗಿ, ಫಿಸಿಯೋಥೆರಪಿಯಂಥ ನೆರವು ನೀಡುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳನ್ನು ತೆರೆಯಲಾಗಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಕ್ಯಾನ್ಸರ್ ವಿಭಾಗದಿಂದ ಚಿಕಿತ್ಸಾ ಸಾರಾಂಶವನ್ನು, ಅಂದರೆ ಯಾವ ಔಷಧ ಒಟ್ಟು ಎಷ್ಟು ಪ್ರಮಾಣದಲ್ಲಿ ಕೊಟ್ಟರು ಎಂಬ ಪತ್ರವನ್ನು, ಬರೆಸಿಕೊಂಡು ಹೋಗಿ. ಈ ಒಂದು ಹಾಳೆ ಅವನು ದೊಡ್ಡವನಾದ ಮೇಲೆಯೂ ಬೇಕಾಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ಅವಳಿಗೂ ರಕ್ತದ ಕ್ಯಾನ್ಸರ್ ಆಗಿತ್ತು, ಕಳೆದ ವರ್ಷ ಚಿಕಿತ್ಸೆ ಮುಗಿಯಿತು. ಕಾಲಿಗೆ ಬಲ ಬರಲೆಂದು ದಿನವೂ ಬಸ್ಕಿ ಹೊಡೆಸುತ್ತಿದ್ದೇನೆ. ಎರಡು ತಿಂಗಳಿಂದ ಬಲ ಮೊಣಕಾಲು ನೋವು ಎನ್ನುತ್ತಾಳೆ, ಕುಂಟುತ್ತಾಳೆ. ಮೊಣಕಾಲಿನ ಎಕ್ಸ್‌ರೇಯಲ್ಲಿ ಏನೂ ಇಲ್ಲ. ಸೋಮಾರಿತನಕ್ಕೆ ನೆಪ ಹೇಳುತ್ತಿದ್ದಾಳೆಯೇ?

ಉತ್ತರ: ಇಲ್ಲ. ಬಸ್ಕಿಯನ್ನು ಈ ದಿನವೇ ನಿಲ್ಲಿಸಿ. ಹಿಂದಿನ ಉತ್ತರದಲ್ಲಿ ಕೆಲಸ ಕೊಡಿ ಎಂದವನೇ ಇಲ್ಲಿ ನಿಲ್ಲಿಸಿ ಎನ್ನುತ್ತಿರುವುದಕ್ಕೆ ಕಾರಣವಿದೆ: ಸ್ನಾಯುವಿನ ದಣಿವು ಬೇರೆ, ಕೀಲಿನ ನೋವು ಬೇರೆ. ದಣಿವು ಒಂದು ರಾತ್ರಿಯ ನಿದ್ರೆಗೆ ಇಳಿಯುತ್ತದೆ. ವಾರಗಟ್ಟಲೆ ಉಳಿದು ಕುಂಟಿಸುವ ನೋವನ್ನು ವ್ಯಾಯಾಮದಿಂದ ಗೆಲ್ಲಲು ಹೋಗಬಾರದು.

ಸ್ಟೀರಾಯ್ಡ್ ಪಡೆದ ಮಕ್ಕಳಲ್ಲಿ, ವಿಶೇಷವಾಗಿ ಹತ್ತು ವರ್ಷ ದಾಟಿದ ಮೇಲೆ ಚಿಕಿತ್ಸೆ ಪಡೆದವರಲ್ಲಿ, ಮೂಳೆಯ ತುದಿಗೆ ರಕ್ತಪೂರೈಕೆ ಕುಂದಿ ಆ ಭಾಗ ಸಾಯುವ ತೊಂದರೆ ಬರಬಹುದು. ಸೊಂಟದ ಕೀಲಿನಲ್ಲಿ, ತೊಡೆಮೂಳೆಯ ಗುಂಡಾದ ತಲೆಯಲ್ಲಿ ಇದು ಹೆಚ್ಚು, ಮೊಣಕಾಲಿನಲ್ಲಿಯೂ ಆಗುತ್ತದೆ. ಸೊಂಟದ ಕೀಲಿನ ನೋವು ಮೊಣಕಾಲಿನಲ್ಲಿ ಅಥವಾ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ಹೀಗಾಗಿ ಮೊಣಕಾಲಿನ ಎಕ್ಸ್‌ರೇ ತೆಗೆಸಿ ನಿಶ್ಚಿಂತರಾದ ತಂದೆತಾಯಂದಿರು ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಅವಳನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸಿ, ಪಾದವನ್ನು ಹೊರಕ್ಕೆ ಸರಿಸಿ ತೊಡೆಯನ್ನು ಒಳಕ್ಕೆ ಮೆಲ್ಲಗೆ ತಿರುಗಿಸುವಾಗ ತೊಡೆಸಂದಿನಲ್ಲಿ ನೋವಾದರೆ ಸೊಂಟವನ್ನೇ ಅನುಮಾನಿಸಬೇಕು. ಚಕ್ಕಳಮಕ್ಕಳ ಕೂರಲು ಇತ್ತೀಚೆಗೆ ಕಷ್ಟಪಡುತ್ತಿದ್ದಾಳೆಯೇ ಎಂದೂ ಕೇಳಿ.

ಆರಂಭದಲ್ಲಿ ಸೊಂಟದ ಎಕ್ಸ್‌ರೇ ಕೂಡ ಸರಿಯಾಗಿಯೇ ಕಾಣಬಹುದು. ಎಂಆರ್‌ಐ ಬೇಕು, ಅದೂ ಎರಡೂ ಕಡೆಯದು, ಏಕೆಂದರೆ ನೋವಿಲ್ಲದ ಬದಿಯಲ್ಲಿಯೂ ತೊಂದರೆ ಇರಬಹುದು. ಅದಕ್ಕಿಂತ ಮೊದಲು ಕ್ಯಾನ್ಸರ್ ವೈದ್ಯರ ಭೇಟಿಯಾಗಲಿ: ಈ ರೋಗ ಮರುಕಳಿಸಿದಾಗಲೂ ಮೂಳೆನೋವು ಬರಬಹುದಾದ್ದರಿಂದ ಅದಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಓಟ, ಜಿಗಿತ, ಭಾರ ಹೊರುವುದು ಬೇಡ. ಶಾಲೆ ಬಿಡಿಸಿ ಮಲಗಿಸುವುದೂ ಬೇಡ. ಮೂಳೆ ಕುಸಿಯುವ ಮುನ್ನ ಪತ್ತೆಯಾದರೆ ಭಾರ ಕಡಿಮೆ ಮಾಡುವುದು, ಕೆಲವರಿಗೆ ಔಷಧ ಅಥವಾ ಸಣ್ಣ ಶಸ್ತ್ರಚಿಕಿತ್ಸೆ ಮುಂತಾದ ದಾರಿಗಳಿವೆ. ಕುಸಿದ ಮೇಲೆ ಕೆಲವರಿಗೆ ಕೀಲನ್ನೇ ಬದಲಿಸಬೇಕಾಗುತ್ತದೆ. ನೆಪ ಎಂಬ ಮಾತನ್ನು ಅವಳ ಮುಂದೆ ಆಡಿದ್ದರೆ ಅದನ್ನು ವಾಪಸ್ ಪಡೆಯಿರಿ, ಇಲ್ಲವಾದರೆ ಮುಂದಿನ ನೋವನ್ನು ಅವಳು ನಿಮಗೆ ಹೇಳುವುದೇ ಇಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಮೂರು ವರ್ಷದ ಹಿಂದೆ ಹಾಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರಿಗೆ ಚಿಕಿತ್ಸೆಯಾಗಿದೆ. ಯಾವ ಆಟಕ್ಕೂ ಸೇರಿಸಬಾರದೆಂದು ತಂದೆ ಪತ್ರ ಕೊಟ್ಟಿದ್ದಾರೆ. ಅವನು ಮರದ ಕೆಳಗೆ ಉಳಿದವರ ಚಪ್ಪಲಿ, ನೀರಿನ ಬಾಟಲಿ ಕಾಯುತ್ತ ಕೂತಿರುತ್ತಾನೆ. ಕಬಡ್ಡಿ ಆಡಲು ಅವನಿಗೆ ಆಸೆ. ಆಡಿಸಿದರೆ ಅಪಾಯವೇ? ಏನಾದರೂ ಆದರೆ ಜವಾಬ್ದಾರಿ ಯಾರದು?

ಉತ್ತರ: ಆ ಹುಡುಗನ ಬಗ್ಗೆ ಕೇಳಬೇಕೆಂದು ನಿಮಗೆ ಅನ್ನಿಸಿದ್ದಕ್ಕೆ ಧನ್ಯವಾದ. ಜವಾಬ್ದಾರಿಯ ಪ್ರಶ್ನೆಗೆ ಉತ್ತರ ಸರಳ: ತಂದೆಯ ಪತ್ರದ ಬದಲು ಅವನ ವೈದ್ಯರ ಪತ್ರ ನಿಮ್ಮ ಕಡತದಲ್ಲಿರಲಿ, ಮತ್ತು ಅದರಲ್ಲಿ ಏನು ಮಾಡಬಾರದು ಎಂಬುದರ ಜೊತೆಗೆ ಏನು ಮಾಡಬಹುದು ಎಂಬುದನ್ನೂ ಬರೆಸಿ ತರಲು ಹೇಳಿ.

ತಂದೆಯ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾರೆ. ಈ ರೋಗಕ್ಕೆ ಕೊಡುವ ಔಷಧಗಳಲ್ಲಿ ಡಾಕ್ಸೋರುಬಿಸಿನ್ ಸಾಮಾನ್ಯ. ಅದು ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು, ಮತ್ತು ಆ ದೌರ್ಬಲ್ಯ ಚಿಕಿತ್ಸೆ ಮುಗಿದು ಎಷ್ಟೋ ವರ್ಷಗಳ ಮೇಲೆ ಕಾಣಿಸಿಕೊಳ್ಳಬಹುದು. ಒಟ್ಟು ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 250 ಮಿಲಿಗ್ರಾಂ ಅಥವಾ ಹೆಚ್ಚಾಗಿದ್ದರೆ ಅಪಾಯ ಹೆಚ್ಚೆಂದು ಪರಿಗಣಿಸಿ, ಕನಿಷ್ಠ ಎರಡು ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಮಾಡಿಸಲು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಎದೆಗೆ ರೇಡಿಯೇಷನ್ ಕೊಟ್ಟಿದ್ದರೆ ಅದು ಬೇರೆಯೇ ಸೇರುತ್ತದೆ. ಬ್ಲಿಯೋಮೈಸಿನ್ ಎಂಬ ಔಷಧ ಕೊಟ್ಟಿದ್ದರೆ ಶ್ವಾಸಕೋಶದ ಸಾಮರ್ಥ್ಯವನ್ನೂ ಅಳೆಸಬೇಕು. ಆದ್ದರಿಂದ ಹುಡುಗನಿಗೆ ಇತ್ತೀಚೆಗೆ ಎಕೋ ಆಗಿದೆಯೇ ಎಂಬುದು ನೀವು ಕೇಳಬೇಕಾದ ಮೊದಲ ಪ್ರಶ್ನೆ.

ಎಕೋ ಮತ್ತು ಶ್ವಾಸಕೋಶದ ಪರೀಕ್ಷೆ ಸರಿಯಾಗಿದ್ದರೆ ಅವನನ್ನು ಮರದ ಕೆಳಗೆ ಕೂರಿಸುವುದಕ್ಕೆ ಯಾವ ವೈದ್ಯಕೀಯ ಕಾರಣವೂ ಉಳಿಯುವುದಿಲ್ಲ. ಮುಂದೆ ಹೃದಯರೋಗದ ಸಂಭವ ಇರುವವನಿಗೇ ಆಟ ಹೆಚ್ಚು ಬೇಕು. ತೂಕ, ರಕ್ತದೊತ್ತಡ, ಸಕ್ಕರೆ ಇವು ಹಿಡಿತದಲ್ಲಿದ್ದಷ್ಟೂ ಆ ಹೃದಯದ ಹೊರೆ ಕಡಿಮೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಮಕ್ಕಳ ಗುರಿಯೂ ಅದೇ, ಆದರೆ ತಲುಪುವ ದಾರಿ ನಿಧಾನ. ಮೊದಲ ಎರಡು ವಾರ ಮೈದಾನದ ಸುತ್ತ ಬಿರುಸು ನಡಿಗೆ, ಆಮೇಲೆ ನಡಿಗೆಯ ನಡುವೆ ಸಣ್ಣ ಓಟ, ಆಮೇಲೆ ಥ್ರೋಬಾಲ್, ರಿಲೇ, ಖೋಖೋ. ಮಾತಾಡಬಲ್ಲ ಆದರೆ ಹಾಡಲಾರ ಎನ್ನುವಷ್ಟು ಏದುಸಿರು ಇದ್ದರೆ ಅದು ಸರಿಯಾದ ಮಟ್ಟ. ಎದೆನೋವು, ತಲೆಸುತ್ತಿ ಬೀಳುವುದು, ಎದೆಬಡಿತ ಅಡ್ಡಾದಿಡ್ಡಿಯಾಗುವುದು, ಮಾಡಿದ ಶ್ರಮಕ್ಕೆ ಮೀರಿದ ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ ಮನೆಯವರಿಗೆ ತಿಳಿಸಿ, ವೈದ್ಯರು ನೋಡುವ ತನಕ ಮತ್ತೆ ಆಡಿಸಬೇಡಿ. ಉಸಿರು ಬಿಗಿಹಿಡಿದು ಭಾರ ಎತ್ತುವ ಕಸರತ್ತುಗಳನ್ನು ವೈದ್ಯರನ್ನು ಕೇಳದೆ ಮಾಡಿಸಬೇಡಿ.

ಕಬಡ್ಡಿ ಮೈಗೆ ಮೈ ತಾಗುವ ಆಟ. ಎದೆಯಲ್ಲಿ ಕೀಮೋ ಪೋರ್ಟ್, ಅಂದರೆ ಔಷಧ ಕೊಡಲು ಚರ್ಮದಡಿ ಕೂರಿಸಿದ ಸಾಧನ, ಇನ್ನೂ ಉಳಿದಿದ್ದರೆ, ಮೂಳೆ ತೆಳುವಾಗಿದ್ದರೆ ಅದು ಬೇಡ. ಕಿಡ್ನಿಯ ಗಡ್ಡೆಗಾಗಿ ಒಂದು ಕಿಡ್ನಿ ತೆಗೆಸಿಕೊಂಡ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಇವ್ಯಾವುವೂ ಇಲ್ಲದಿದ್ದರೆ, ಮೂರ್ನಾಲ್ಕು ತಿಂಗಳು ದೇಹವನ್ನು ಹದಗೊಳಿಸಿಕೊಂಡ ಮೇಲೆ, ವೈದ್ಯರ ಒಪ್ಪಿಗೆಯಿದ್ದರೆ ಅವನೂ ರೈಡಿಗೆ ಹೋಗಲಿ. ಅಂಕ ಹಾಕುವ ಕೆಲಸ, ಸೀಟಿ ಊದುವ ಕೆಲಸ ಕೊಟ್ಟು ಸೇರಿಸಿಕೊಂಡೆವು ಎನ್ನುವುದು ಒಳ್ಳೆಯ ಮನಸ್ಸಿನದೇ ಆದರೂ ಅದರಿಂದ ಕಾಲಿಗೆ ಬಲ ಬರುವುದಿಲ್ಲ. ತಂದೆಯನ್ನು ಶಾಲೆಗೆ ಕರೆಸಿ, ಅವನು ನಡೆಯುವುದನ್ನು, ಓಡುವುದನ್ನು ಅವರ ಎದುರಿಗೇ ಮಾಡಿಸಿ. ತಾವು ನೋಡಿದ್ದನ್ನು ಅವರು ನಂಬುತ್ತಾರೆ.

ಇಂಥ ಮಕ್ಕಳ ದೀರ್ಘಕಾಲದ ತಪಾಸಣೆಗಾಗಿಯೇ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1991ರಿಂದ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ. ನಮ್ಮಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಸೇರಿದಂತೆ ದೊಡ್ಡ ಕೇಂದ್ರಗಳಲ್ಲಿ ಮಕ್ಕಳ ಕ್ಯಾನ್ಸರ್ ವಿಭಾಗಗಳಿವೆ. ಐದು ವರ್ಷ ಕಳೆಯಿತು, ಇನ್ನು ಹೋಗಬೇಕಾಗಿಲ್ಲ ಎಂದು ತಪಾಸಣೆ ಬಿಟ್ಟವರು ಬಹಳ. ಈ ಹುಡುಗನ ಮನೆಯವರು ಬಿಡದಂತೆ ನೀವೂ ಒಂದು ಮಾತು ಹೇಳಿ.

ಪ್ರಶ್ನೆ: ಆರು ವರ್ಷದ ಮೊಮ್ಮಗಳಿಗೆ ತಲೆಯ ಹಿಂಭಾಗದ ಗಡ್ಡೆ ತೆಗೆದು ರೇಡಿಯೇಷನ್, ಕೀಮೋ ಕೊಟ್ಟಿದ್ದಾರೆ. ಈಗ ಓಲಾಡುತ್ತ ನಡೆಯುತ್ತಾಳೆ, ಲೋಟ ಹಿಡಿದರೆ ನೀರು ಚೆಲ್ಲುತ್ತದೆ, ಕರೆದರೆ ಹಲವು ಸಲ ತಿರುಗಿಯೂ ನೋಡುವುದಿಲ್ಲ.

ಉತ್ತರ: ದೇಹದ ಸಮತೋಲ ಮತ್ತು ಚಲನೆಯ ನಯ ಎರಡನ್ನೂ ನೋಡಿಕೊಳ್ಳುವ ಕಿರುಮಿದುಳು ಅಲ್ಲಿಯೇ ಇದೆ. ಓಲಾಟಕ್ಕೆ ಅದು ಕಾರಣ. ಅಭ್ಯಾಸದಿಂದ ಸುಧಾರಿಸುತ್ತದೆ, ಆದರೆ ವರ್ಷಗಳ ಲೆಕ್ಕದಲ್ಲಿ. ಅಗಲ ತಳದ ಭಾರವಾದ ಸ್ಟೀಲ್ ಲೋಟ, ಅರ್ಧ ಮಾತ್ರ ನೀರು, ಮೊಣಕೈಯನ್ನು ಮೇಜಿಗೆ ಊರಿಸಿ ಕುಡಿಸುವುದು, ಬಚ್ಚಲಿನಲ್ಲಿ ಕೂತು ಸ್ನಾನ, ಗೋಡೆಗೆ ಕಂಬಿ: ಇಷ್ಟನ್ನು ಈಗಲೇ ಮಾಡಿ, ಉಳಿದದ್ದನ್ನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ತರಬೇತಿ ಕೊಡುವವರು, ಹೇಳಿಕೊಡುತ್ತಾರೆ. ಕರೆದರೆ ತಿರುಗದಿರುವುದನ್ನು ಹಟವೆಂದು ತಿಳಿಯಬೇಡಿ. ಈ ಗಡ್ಡೆಗಳಿಗೆ ಕೊಡುವ ಸಿಸ್‌ಪ್ಲಾಟಿನ್ ಕಿವಿಯನ್ನು, ಮೊದಲಿಗೆ ಕೀರಲು ಸ್ವರಗಳ ಗ್ರಹಿಕೆಯನ್ನು, ಕೆಡಿಸುತ್ತದೆ. ಶ್ರವಣ ಪರೀಕ್ಷೆ ಬೇಗ ಮಾಡಿಸಿ. ತಲೆಗೆ ರೇಡಿಯೇಷನ್ ಆಗಿರುವುದರಿಂದ ಎತ್ತರ ಮತ್ತು ಥೈರಾಯ್ಡನ್ನೂ ನಿಗದಿತವಾಗಿ ನೋಡಿಸುತ್ತಿರಬೇಕು. ಓಲಾಟ ದಿಢೀರನೆ ಹೆಚ್ಚಿ, ಬೆಳಗಿನ ತಲೆನೋವು ಅಥವಾ ವಾಂತಿ ಸೇರಿಕೊಂಡರೆ ಅದು ತುರ್ತು.

ಪ್ರಶ್ನೆ: ಮಗನಿಗೆ ಹದಿನೇಳು. ಮೊಣಕಾಲಿನ ಮೇಲ್ಭಾಗದ ಮೂಳೆ ಕ್ಯಾನ್ಸರಿಗಾಗಿ ಕಾಲು ಉಳಿಸಿ ಲೋಹದ ಕೀಲು ಹಾಕಿದ್ದಾರೆ. ಪಿಯು ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎನ್ನುತ್ತಾನೆ. ಬಿಡಬಹುದೇ?

ಉತ್ತರ: ಶಸ್ತ್ರಚಿಕಿತ್ಸಕರು ಒಪ್ಪಿದ್ದರೆ, ಮೊಣಕಾಲು ಪೆಡಲ್ ತಿರುಗಿಸುವಷ್ಟು ಮಡಿಯುತ್ತಿದ್ದರೆ, ಬಿಡಿ. ಲೋಹದ ಕೀಲಿಗೆ ಹೊಡೆತವಿಲ್ಲದ ಚಲನೆ ಒಳ್ಳೆಯದು. ಸೈಕಲ್, ಈಜು, ನಡಿಗೆ ಈ ಸಾಲಿನವು. ಸೀಟನ್ನು ಸ್ವಲ್ಪ ಎತ್ತರಿಸಿದರೆ ಮೊಣಕಾಲು ಕಡಿಮೆ ಮಡಿದರೂ ಸಾಕಾಗುತ್ತದೆ. ಮೊದಲು ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಮೇಲೆ ಕೂತು ತುಳಿದು ನೋಡಲಿ, ಇಳಿಯುವಾಗ ಯಾವ ಕಾಲನ್ನು ಮೊದಲು ಊರಬೇಕೆಂದು ಅಭ್ಯಾಸ ಮಾಡಿಕೊಳ್ಳಲಿ. ಬೀಳುವುದು ಹೆಚ್ಚಾಗಿ ಇಳಿಯುವಾಗ. ಫುಟ್‌ಬಾಲ್, ಕಬಡ್ಡಿ, ಎತ್ತರದಿಂದ ಜಿಗಿಯುವುದು ಇವನ್ನು ಬಿಡಬೇಕು, ಏಕೆಂದರೆ ಕೀಲು ಸಡಿಲಗೊಂಡರೆ ಅಥವಾ ಮುರಿದರೆ ಮತ್ತೆ ದೊಡ್ಡ ಶಸ್ತ್ರಚಿಕಿತ್ಸೆ. ಕುಕ್ಕರಗಾಲು ಇನ್ನು ಬೇಡ. ಮನೆಯಲ್ಲಿ ಕಮೋಡ್ ಕಟ್ಟಿಸಿ, ಕಾಲೇಜಿನಲ್ಲಿ ಇದೆಯೇ ಎಂದು ಸೇರಿಸುವ ಮುನ್ನವೇ ವಿಚಾರಿಸಿ. ಎಷ್ಟೇ ವರ್ಷ ಕಳೆದ ಮೇಲೂ ಆ ಜಾಗ ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ ಔಷಧದ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಕೊಡದೆ ನೇರವಾಗಿ ಶಸ್ತ್ರಚಿಕಿತ್ಸಕರಲ್ಲಿಗೆ ಕರೆದೊಯ್ಯಿರಿ. ಅರ್ಧಂಬರ್ಧ ಆ್ಯಂಟಿಬಯೋಟಿಕ್ ಸೋಂಕನ್ನು ಮರೆಮಾಡುತ್ತದೆ, ಗುಣಪಡಿಸುವುದಿಲ್ಲ.

ಪ್ರಶ್ನೆ: ಮಗಳು ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಕೀಮೋ ಆದ ಮೇಲೆ ಬರವಣಿಗೆ ಬಹಳ ನಿಧಾನವಾಗಿದೆ, ಅರ್ಧ ಪುಟಕ್ಕೆ ಕೈ ಸೋಲುತ್ತದೆ. ಉತ್ತರ ಗೊತ್ತಿದ್ದೂ ಬರೆದು ಮುಗಿಸಲಾಗುತ್ತಿಲ್ಲ.

ಉತ್ತರ: ಪಾದದ ನರಗಳಂತೆ ಬೆರಳುಗಳ ನರಗಳೂ ವಿನ್‌ಕ್ರಿಸ್ಟಿನ್‌ನಿಂದ ಸೊರಗಿರಬಹುದು. ಅಂಗಿಯ ಗುಂಡಿ ಹಾಕುವುದು, ಜಡೆ ಹೆಣೆದುಕೊಳ್ಳುವುದು, ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುವುದು ಇವೂ ಕಷ್ಟವೇ ಎಂದು ನೋಡಿ. ಇವೆಲ್ಲ ಸುಲಭವಾಗಿದ್ದು ಬರವಣಿಗೆ ಮಾತ್ರ ನಿಧಾನವಾಗಿದ್ದರೆ, ಕಾರಣ ಬೆರಳಿನಲ್ಲಿಲ್ಲದೆ ಯೋಚನೆಯ ವೇಗದಲ್ಲಿಯೂ ಇರಬಹುದು. ಬೆನ್ನಿನ ಮೂಲಕ ಕೊಟ್ಟ ಔಷಧ ಅಥವಾ ತಲೆಯ ರೇಡಿಯೇಷನ್ ಪಡೆದ ಕೆಲವು ಮಕ್ಕಳಲ್ಲಿ ಹೀಗಾಗುತ್ತದೆ, ಅದಕ್ಕೆ ಮನಶ್ಶಾಸ್ತ್ರಜ್ಞರ ಪರೀಕ್ಷೆ ಬೇಕು. ಬೆರಳಿಗಾದರೆ ಚಪಾತಿ ಹಿಟ್ಟು ನಾದುವುದು, ಬಟ್ಟೆಯ ಕ್ಲಿಪ್ ಒತ್ತುವುದು, ಹೂ ಕಟ್ಟುವುದು ಒಳ್ಳೆಯ ಅಭ್ಯಾಸ. ದಪ್ಪ ಹಿಡಿಕೆಯ ಪೆನ್ನು ಕೊಡಿಸಿ, ಅಥವಾ ಈಗಿನ ಪೆನ್ನಿಗೇ ರಬ್ಬರ್ ಹಿಡಿಕೆ ತೊಡಿಸಿ.

ಪರೀಕ್ಷೆಯ ವಿಷಯದಲ್ಲಿ ಕಾಯಬೇಡಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016, ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ತಕ್ಕ ಮಾರ್ಪಾಡು ಮಾಡಬೇಕೆಂದು, ಹೆಚ್ಚುವರಿ ಸಮಯ ಮತ್ತು ಬರಹಗಾರರ ಸೌಲಭ್ಯವನ್ನು ಹೆಸರಿಸಿಯೇ ಹೇಳುತ್ತದೆ. ಕ್ಯಾನ್ಸರ್ ಎಂಬುದು ಆ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿಲ್ಲ. ಆದರೆ ಚಲನವೈಕಲ್ಯ, ಶ್ರವಣದೋಷ, ಕಲಿಕೆಯ ನ್ಯೂನತೆ ಇವೆ. ಆದ್ದರಿಂದ ಅರ್ಜಿಯಲ್ಲಿ ರೋಗದ ಹೆಸರನ್ನು ಬರೆದು ನಿಲ್ಲಿಸದೆ, ಕೈಗೆ ಎಷ್ಟು ದೌರ್ಬಲ್ಯವಿದೆ, ಒಂದು ಪುಟ ಬರೆಯಲು ಎಷ್ಟು ಸಮಯ ಹಿಡಿಯುತ್ತದೆ ಎಂಬುದನ್ನು ವೈದ್ಯರಿಂದ ಬರೆಸಿ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆಯಾಗುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40ರಷ್ಟು ಅಂಗವೈಕಲ್ಯದ ಮಿತಿಯನ್ನು ನೋಡುತ್ತಾರೆ. ಅಷ್ಟು ಬಾರದಿದ್ದರೂ ಮುಖ್ಯೋಪಾಧ್ಯಾಯರ ಮೂಲಕ ವೈದ್ಯಕೀಯ ಪತ್ರದೊಂದಿಗೆ ಪರೀಕ್ಷಾ ಮಂಡಳಿಗೆ ಕೋರಿಕೆ ಸಲ್ಲಿಸಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು ಈ ಕಾಗದಪತ್ರಗಳನ್ನು ಬಲ್ಲವರು, ಅವರನ್ನು ಈ ಶೈಕ್ಷಣಿಕ ವರ್ಷದಲ್ಲಿಯೇ ಕಾಣಿ. ಬರಹಗಾರರು ಸಿಗುವುದಾದರೆ, ಬಾಯಿಂದ ಹೇಳಿ ಬರೆಸುವುದನ್ನು ಮಗಳು ಮೊದಲೇ ರೂಢಿಸಿಕೊಳ್ಳಬೇಕು, ವಿಶೇಷವಾಗಿ ಗಣಿತದಲ್ಲಿ. ಶಾಲೆಯ ಕಿರುಪರೀಕ್ಷೆಗಳಲ್ಲಿಯೇ ಅದನ್ನು ಆರಂಭಿಸಲು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಿ.